ವರದೆ ಉಕ್ಕಿದಾಗ



ಹಾವೇರಿ ಜಿಲ್ಲೆಯೆಂದರೆ ಮಳೆಗಾಗಿ ಮುಗಿಲು ನೋಡುವ ನಾಡು ಎಂಬುದು ಅನೇಕರ ಭಾವನೆ. ಬ್ಯಾಡಗಿಯ ಮೆಣಸಿನಕಾಯಿಗೂ ರಾಣೆಬೆನ್ನೂರಿನ ಕುರುಚಲು ಕಾಡಿನ ಕೃಷ್ಣಮೃಗಗಳಿಗೂ ಒಗ್ಗಿದ ಭೂಮಿಯಿದು. ಇಂತಹ ನೆಲಕ್ಕೂ ನೆರೆ ಬರುವುದೇಕೆ?

ಇಲ್ಲಿನ ಹೊಳೆಗಳು ಹುಟ್ಟುವುದು ಮಲೆನಾಡಿನಲ್ಲಿ. ವರದೆಯ ಮೂಲ ಸಾಗರ ತಾಲ್ಲೂಕಿನ ವರದಾಮೂಲ. ಕುಮುದ್ವತಿಯದು ಹುಂಚದ ಸಮೀಪ. ವರದೆ ಗಳಗನಾಥದಲ್ಲಿ, ಕುಮುದ್ವತಿ ರಾಣೆಬೆನ್ನೂರು ತಾಲ್ಲೂಕಿನ ಮುದೇನೂರಿನ ಹತ್ತಿರ ತುಂಗಭದ್ರೆಯನ್ನು ಕೂಡುತ್ತವೆ. ಘಟ್ಟದಲ್ಲಿ ಮಳೆ ಸುರಿದರೆ, ನಮ್ಮ ಬಾನು ತಿಳಿಯಾಗಿದ್ದರೂ ಹೊಳೆ ಏರುತ್ತದೆ. ತುಂಗಭದ್ರೆಯೂ ತುಂಬಿ ಹರಿಯುತ್ತಿದ್ದರೆ ಉಪನದಿಯ ನೀರು ಮುಂದೆ ಸಾಗಲಾರದೆ ಹೊಲಗಳಿಗೆ ಹರಡುತ್ತದೆ.

ಕಟ್ಟಿ ನಿಲ್ಲಿಸಿದ ನೀರಿಗೂ ಎಚ್ಚರ ಬೇಕೆಂಬುದಕ್ಕೆ ಮಾಸೂರಿನ ಬಳಿಯ ಮದಗದ ಕೆರೆಯೇ ಸಾಕ್ಷಿ. ವಿಜಯನಗರದ ಕಾಲದಲ್ಲಿ ಕುಮುದ್ವತಿಗೆ ಅಡ್ಡಲಾಗಿ ಕಟ್ಟಿದ ಆ ಬೃಹತ್ ಕೆರೆ ಒಡೆದುಹೋಯಿತು. ಇಂದು ಉಳಿದಿರುವುದು ಅದರ ಒಂದು ಅಂಶ ಮಾತ್ರ.

2019ರ ಆಗಸ್ಟ್ ತಿಂಗಳಲ್ಲಿ ವರದೆ ದಡ ಮೀರಿ ಹಾವೇರಿ, ಹಾನಗಲ್ಲು, ಸವಣೂರು ತಾಲ್ಲೂಕುಗಳ ಹಳ್ಳಿಗಳಿಗೆ ನುಗ್ಗಿತು. ನೀರು ಇಳಿದ ಮೇಲೂ ಆಪತ್ತು ಇಳಿಯಲಿಲ್ಲ. ನೆನೆದ ಮಣ್ಣಿನ ಗೋಡೆಗಳು ಕುಸಿದು ಸಹಸ್ರಾರು ಕುಟುಂಬಗಳು ಸೂರು ಕಳೆದುಕೊಂಡವು.

ಆದ್ದರಿಂದ ಹೊಳೆಯ ಬದಿಯಲ್ಲಿ ಮನೆ ಕಟ್ಟುವ ಮುನ್ನ ಊರ ಹಿರಿಯರನ್ನು ವಿಚಾರಿಸಿರಿ: ಹಿಂದೆ ನೀರು ಎಲ್ಲಿಯವರೆಗೆ ಬಂದಿತ್ತು? ಆ ಮಟ್ಟವನ್ನು ಇಸವಿ ಸಹಿತ ಒಂದು ಕಲ್ಲಿನ ಮೇಲೆ ಕೆತ್ತಿಸಿರಿ. ನಮ್ಮ ಮಕ್ಕಳಿಗೆ ನಾವು ಬಿಟ್ಟುಹೋಗಬಹುದಾದ ಎಚ್ಚರಿಕೆ ಅದು.