ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ

ದೇಶದ ನಾಗರಿಕ ವಿಮಾನ ನಿಲ್ದಾಣಗಳಲ್ಲಿ ಬಹುಪಾಲನ್ನು ಕಟ್ಟಿ ನಡೆಸುವ ಮತ್ತು ಭಾರತದ ಹೊಣೆಯಲ್ಲಿರುವ ಆಕಾಶದಲ್ಲಿ ಹಾರುವ ವಿಮಾನಗಳಿಗೆ ಸಂಚಾರ ಸೇವೆ ನೀಡುವ ಕೇಂದ್ರ ಸರ್ಕಾರದ ಸಂಸ್ಥೆ. ನಾಗರಿಕ ವಿಮಾನಯಾನ ಸಚಿವಾಲಯಕ್ಕೆ ಸೇರಿದೆ. ಕೇಂದ್ರ ಕಚೇರಿ ನವದೆಹಲಿಯ ಸಫ್ದರ್‌ಜಂಗ್ ವಿಮಾನ ನಿಲ್ದಾಣದ ಬಳಿಯ ರಾಜೀವ್ ಗಾಂಧಿ ಭವನದಲ್ಲಿದೆ. ದೊಡ್ಡ ಅಂತರರಾಷ್ಟ್ರೀಯ ನಿಲ್ದಾಣಗಳಿಗೆಂದು 1972ರಲ್ಲಿ ಹುಟ್ಟಿದ ಒಂದು ಪ್ರಾಧಿಕಾರ ಮತ್ತು ದೇಶೀಯ ನಿಲ್ದಾಣಗಳಿಗೆಂದು 1986ರಲ್ಲಿ ಬಂದ ಇನ್ನೊಂದನ್ನು 1994ರ ಕಾಯಿದೆಯ ಮೂಲಕ ಒಂದುಗೂಡಿಸಲಾಯಿತು. ಹೊಸ ಸಂಸ್ಥೆ 1995ರ ಏಪ್ರಿಲ್ 1ರಿಂದ ಕೆಲಸ ಆರಂಭಿಸಿತು.

ನಿಲ್ದಾಣದ ಆಡಳಿತ ಮತ್ತು ಆಕಾಶದ ನಿಯಂತ್ರಣ ಎಲ್ಲ ದೇಶಗಳಲ್ಲೂ ಒಂದೇ ಕೈಯಲ್ಲಿರುವುದಿಲ್ಲ. ಅಮೆರಿಕದಲ್ಲಿ ಹೆಚ್ಚಿನ ನಿಲ್ದಾಣಗಳು ನಗರ ಅಥವಾ ಸ್ಥಳೀಯ ಸಂಸ್ಥೆಗಳವು, ವಾಯು ಸಂಚಾರ ನಿಯಂತ್ರಣ ಮಾತ್ರ ಒಕ್ಕೂಟ ಸರ್ಕಾರದ್ದು. ಭಾರತ ಎರಡನ್ನೂ ಒಂದೇ ಸಂಸ್ಥೆಗೆ ವಹಿಸಿತು. ಕಳೆದ ಎರಡು ದಶಕಗಳಲ್ಲಿ ನೆಲದ ಮೇಲಿನ ಆಸ್ತಿ ಹಲವರ ಪಾಲಾಗಿದ್ದರೂ ನಾಗರಿಕ ಆಕಾಶ ಒಡೆಯದೆ ಉಳಿದಿದೆ. ಈ ಸಂಸ್ಥೆಯನ್ನು ಅರ್ಥ ಮಾಡಿಕೊಳ್ಳಲು ಮೊದಲು ಗಮನಿಸಬೇಕಾದದ್ದು ಇದನ್ನೇ.

ಆ ಆಕಾಶದ ವಿಸ್ತಾರ ಸುಮಾರು 28 ಲಕ್ಷ ಚದರ ನಾಟಿಕಲ್ ಮೈಲಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅರಬ್ಬೀ ಸಮುದ್ರ, ಬಂಗಾಳ ಕೊಲ್ಲಿ ಮತ್ತು ಹಿಂದೂ ಮಹಾಸಾಗರದ ಮೇಲಿದೆ. ಹಾರಾಟ ಮಾಹಿತಿ ವಲಯಗಳೆಂದು ಕರೆಯುವ ನಾಲ್ಕು ಭಾಗಗಳನ್ನು ದೆಹಲಿ, ಮುಂಬೈ, ಕೋಲ್ಕತ್ತ ಮತ್ತು ಚೆನ್ನೈ ನೋಡಿಕೊಳ್ಳುತ್ತವೆ. ಈಶಾನ್ಯಕ್ಕೆ ಗುವಾಹಟಿಯ ಉಪವಲಯವಿದೆ. ಹೊರಡುವ ವಿಮಾನ ಮೊದಲು ಟವರ್‌ನ ಮಾತಿನಂತೆ ರನ್‌ವೇ ಬಿಡುತ್ತದೆ, ಆಮೇಲೆ ನಿಲ್ದಾಣದ ಸುತ್ತಲಿನ ಅಪ್ರೋಚ್ ನಿಯಂತ್ರಕರ ವಶಕ್ಕೆ, ಅಲ್ಲಿಂದ ಮಾರ್ಗ ನಿಯಂತ್ರಣದ ಏರಿಯಾ ಕೇಂದ್ರಕ್ಕೆ ಹೋಗುತ್ತದೆ. ಪ್ರತಿ ಹಂತದಲ್ಲೂ ರೇಡಿಯೊ ತರಂಗಾಂತರ ಬದಲಾಗುತ್ತದೆ, ಹೊಣೆಯೂ ಕೈ ಬದಲಾಗುತ್ತದೆ. ಕರಾವಳಿಯ ರಾಡಾರ್ ತಲುಪದಷ್ಟು ದೂರದ ಸಮುದ್ರದ ಮೇಲೆ ನಿಯಂತ್ರಕರಿಗೆ ವಿಮಾನದ ರಾಡಾರ್ ಚುಕ್ಕಿ ಕಾಣಿಸುವುದಿಲ್ಲ. ಪೈಲಟ್ ಹೈ ಫ್ರೀಕ್ವೆನ್ಸಿ ರೇಡಿಯೊದಲ್ಲಿ ಹೇಳುವ ಸ್ಥಾನ ಅಥವಾ ವಿಮಾನವೇ ಉಪಗ್ರಹದ ಮೂಲಕ ಕಳಿಸುವ ವರದಿಯನ್ನು ನಂಬಿ ಅಂತರ ಕಾಯಬೇಕು. ಹಾಗಾಗಿ ಅಲ್ಲಿ ವಿಮಾನಗಳ ನಡುವೆ ಬಿಡುವ ಅಂತರ ನೆಲದ ಮೇಲಿನದಕ್ಕಿಂತ ಬಹಳ ದೊಡ್ಡದು.

ಈ ವ್ಯವಸ್ಥೆಯ ಇಂದಿನ ರೂಪಕ್ಕೆ ಒಂದು ದುರಂತ ಕಾರಣ. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಏರುತ್ತಿದ್ದ ಸೌದಿ ಬೋಯಿಂಗ್ 747 ಮತ್ತು ದೆಹಲಿಗೆ ಇಳಿಯುತ್ತಿದ್ದ ಕಜಕಸ್ತಾನದ ಇಲ್ಯೂಷಿನ್ 76 ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಡಿಕ್ಕಿ ಹೊಡೆದವು. ಎರಡರಲ್ಲಿದ್ದ 349 ಜನರೂ ಸತ್ತರು. ಸೌದಿ ವಿಮಾನಕ್ಕೆ 14,000 ಅಡಿ, ಕಜಕ್ ವಿಮಾನಕ್ಕೆ 15,000 ಅಡಿ ಎಂದು ನಿಯಂತ್ರಕರು ಎತ್ತರ ನಿಗದಿ ಮಾಡಿದ್ದರು. ಕಜಕ್ ವಿಮಾನ ತನ್ನ ಎತ್ತರಕ್ಕಿಂತ ಕೆಳಗೆ ಬಂದಿತ್ತು. ಆದರೆ ತನಿಖೆ ಅಲ್ಲಿಗೇ ನಿಲ್ಲುವಂತಿರಲಿಲ್ಲ. ಆಗ ದೆಹಲಿಯಲ್ಲಿ ಬಳಕೆಯಲ್ಲಿದ್ದ ಪ್ರಾಥಮಿಕ ರಾಡಾರ್ ವಿಮಾನದ ದಿಕ್ಕು ಮತ್ತು ದೂರವನ್ನಷ್ಟೇ ತೋರಿಸುತ್ತಿತ್ತು, ಎತ್ತರವನ್ನಲ್ಲ. ಸುತ್ತಲಿನ ಆಕಾಶದ ಬಹುಭಾಗ ವಾಯುಪಡೆಯದಾಗಿದ್ದರಿಂದ ಬರುವ ಹೋಗುವ ವಿಮಾನಗಳಿಗೆ ಒಂದೇ ಓಣಿ. ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಆಯೋಗದ ತನಿಖೆಯ ನಂತರ ಆಗಮನ ಮತ್ತು ನಿರ್ಗಮನದ ದಾರಿಗಳು ಬೇರೆಯಾದವು. ಎತ್ತರವನ್ನೂ ಓದುವ ದ್ವಿತೀಯಕ ರಾಡಾರ್ ಬಂತು. ಡಿಕ್ಕಿಯ ಎಚ್ಚರಿಕೆ ಕೊಡುವ ಉಪಕರಣ ಭಾರತದ ಆಕಾಶಕ್ಕೆ ಬರುವ ವಿಮಾನಗಳಿಗೆ ಕಡ್ಡಾಯವಾಯಿತು. ಇವೆಲ್ಲ ಮೊದಲೇ ಆಗಬಹುದಾಗಿದ್ದ ಸುಧಾರಣೆಗಳು ಎಂಬುದನ್ನು ಮರೆಯಬಾರದು.

ನಂತರದ ದೊಡ್ಡ ಹೆಜ್ಜೆ ಇಸ್ರೊ ಜತೆ ಸೇರಿ ಕಟ್ಟಿದ ಗಗನ್. ಜಿಪಿಎಸ್ ಸಂಕೇತದ ದೋಷಗಳನ್ನು ನೆಲದ ಕೇಂದ್ರಗಳಲ್ಲಿ ಅಳೆದು, ತಿದ್ದುಪಡಿಯನ್ನು ಜಿಸ್ಯಾಟ್ ಉಪಗ್ರಹಗಳ ಮೂಲಕ ವಿಮಾನಕ್ಕೆ ತಲುಪಿಸುವ ವ್ಯವಸ್ಥೆ ಇದು. ಇದರ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನ ಕುಂದಲಹಳ್ಳಿಯಲ್ಲಿ. ಇಳಿಯುವ ವಿಮಾನಕ್ಕೆ ದಾರಿ ತೋರುವ ಐಎಲ್‌ಎಸ್ ಉಪಕರಣವನ್ನು ರನ್‌ವೇಯ ಪಕ್ಕದಲ್ಲಿ ನೆಡಲು ಮತ್ತು ನಿರಂತರ ಪರೀಕ್ಷಿಸಲು ಖರ್ಚು ಹೆಚ್ಚು. ಅದಿಲ್ಲದ ಸಣ್ಣ ನಿಲ್ದಾಣಗಳಿಗೂ ಎತ್ತರದ ಮಾರ್ಗದರ್ಶನ ಕೊಡಬಲ್ಲದು ಎಂಬುದೇ ಗಗನ್‌ನ ನಿಜವಾದ ಬೆಲೆ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೊ ಸಂಸ್ಥೆಯ ಎಟಿಆರ್ ವಿಮಾನ ಇದನ್ನು ಬಳಸಿ ಇಳಿಯಿತು.

ನೆಲದ ಕಥೆ ಬೇರೆ ದಿಕ್ಕಿನಲ್ಲಿ ಸಾಗಿದೆ. 2006ರಲ್ಲಿ ದೆಹಲಿ ಮತ್ತು ಮುಂಬೈ ನಿಲ್ದಾಣಗಳು ಖಾಸಗಿ ಪಾಲುದಾರರಿರುವ ಕಂಪನಿಗಳಿಗೆ ಹೋದವು. ದೆಹಲಿ ತನ್ನ ಆದಾಯದ ಶೇ 45.99, ಮುಂಬೈ ಶೇ 38.7 ಭಾಗವನ್ನು ಪ್ರಾಧಿಕಾರಕ್ಕೆ ಕೊಡಬೇಕೆಂಬುದು ಕರಾರು. 2019ರ ಹರಾಜಿನಲ್ಲಿ ಮಂಗಳೂರೂ ಸೇರಿ ಆರು ನಿಲ್ದಾಣಗಳು 50 ವರ್ಷಗಳ ಅವಧಿಗೆ ಅದಾನಿ ಸಮೂಹಕ್ಕೆ ಸಿಕ್ಕವು. ಈ ಬಾರಿ ಆದಾಯದ ಪಾಲಿನ ಬದಲು ಪ್ರಯಾಣಿಕರ ತಲೆಗಿಷ್ಟು ಶುಲ್ಕ. ಮಂಗಳೂರಿಗೆ 115 ರೂಪಾಯಿಯ ಬಿಡ್ ಬಂತು. 2008ರಲ್ಲಿ ಆರಂಭವಾದ ಬೆಂಗಳೂರಿನ ಕೆಂಪೇಗೌಡ ನಿಲ್ದಾಣ ಶುರುವಿನಿಂದಲೇ ಬೇರೆ ಕಂಪನಿಯದು. ಆದರೂ ಅಲ್ಲಿನ ಟವರ್‌ನಲ್ಲಿ ಕುಳಿತವರು ಪ್ರಾಧಿಕಾರದ ನಿಯಂತ್ರಕರೇ. ಗೋವಾದ ದಾಬೋಲಿಮ್, ಪುಣೆ, ಬೀದರ್‌ಗಳಲ್ಲಿ ರನ್‌ವೇ ಸಶಸ್ತ್ರ ಪಡೆಗಳದು, ನಾಗರಿಕರಿಗೆ ಸಿವಿಲ್ ಎನ್‌ಕ್ಲೇವ್ ಎಂಬ ಟರ್ಮಿನಲ್ ಭಾಗ ಮಾತ್ರ. 2023ರಲ್ಲಿ ತೆರೆದ ಶಿವಮೊಗ್ಗ ನಿಲ್ದಾಣವನ್ನು ರಾಜ್ಯ ಸರ್ಕಾರವೇ ನಡೆಸುತ್ತದೆ. ಹುಬ್ಬಳ್ಳಿ, ಬೆಳಗಾವಿ, ಮೈಸೂರು, ಕಲಬುರಗಿ ಪ್ರಾಧಿಕಾರದ ಆಡಳಿತದಲ್ಲಿವೆ.

ಹೀಗೆ ಹಂಚಿಹೋದ ಜಾಲವನ್ನು ಹಿಡಿದಿಟ್ಟಿರುವುದು ಹಣದ ಒಳಹರಿವು. ಜನ ತುಂಬಿದ ನಿಲ್ದಾಣಗಳ ಗಳಿಕೆ, ಖಾಸಗಿ ನಿಲ್ದಾಣಗಳಿಂದ ಬರುವ ಪಾಲು, ಜತೆಗೆ ವಾಯುಮಾರ್ಗ ಬಳಕೆಯ ಶುಲ್ಕ. ಈ ಮೂರನೆಯದು ವಿಮಾನದ ತೂಕ ಮತ್ತು ಭಾರತದ ಆಕಾಶದಲ್ಲಿ ಅದು ಹಾರಿದ ದೂರವನ್ನು ಆಧರಿಸಿದ್ದು. ಕೊಲ್ಲಿ ದೇಶಗಳಿಂದ ಆಗ್ನೇಯ ಏಷ್ಯಾಕ್ಕೆ ಹೋಗುವ ವಿಮಾನ ಇಲ್ಲಿ ಇಳಿಯದಿದ್ದರೂ ಇದನ್ನು ತೆರಬೇಕು. ಪ್ರಯಾಣಿಕರು ಕಡಿಮೆ ಇರುವ ಊರಿನ ನಿಲ್ದಾಣದ ದೀಪ ಉರಿಯುವುದು ಈ ಹಣದಿಂದ. ಲಾಭದ ನಿಲ್ದಾಣಗಳನ್ನು ಒಂದೊಂದಾಗಿ ಬೇರ್ಪಡಿಸುವಾಗ ಸಿಗುವ ಶುಲ್ಕದ ಮೊತ್ತವನ್ನಷ್ಟೇ ನೋಡಿದರೆ ಸಾಲದು. ಉಳಿದ ನಿಲ್ದಾಣಗಳ ಭಾರ ಯಾರ ಮೇಲೆ ಬೀಳುತ್ತದೆ ಎಂಬ ಲೆಕ್ಕವೂ ಜತೆಗೇ ಆಗಬೇಕು.

2016ರಲ್ಲಿ ಘೋಷಿಸಿದ ಉಡಾನ್ ಯೋಜನೆ ಈ ಪ್ರಶ್ನೆಯನ್ನು ಇನ್ನಷ್ಟು ತೀವ್ರಗೊಳಿಸಿತು. ಸಣ್ಣ ಊರುಗಳ ಮಾರ್ಗದಲ್ಲಿ ಹಾರುವ ಸಂಸ್ಥೆಗಳಿಗೆ ಮೂರು ವರ್ಷ ನಷ್ಟ ತುಂಬಿಕೊಡಲಾಗುತ್ತದೆ. ಅದರ ಹಣ ಬಹುತೇಕ ದೊಡ್ಡ ಮಾರ್ಗಗಳ ಹಾರಾಟದ ಮೇಲಿನ ಲೆವಿಯಿಂದ ಬರುತ್ತದೆ. ಮೊದಲ ವಿಮಾನ 2017ರ ಏಪ್ರಿಲ್‌ನಲ್ಲಿ ಶಿಮ್ಲಾದಿಂದ ದೆಹಲಿಗೆ ಹಾರಿತು. ಮೊದಲ ಮೂರು ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ ನೆರವಿನ ಅವಧಿ ಮುಗಿದ ಮೇಲೂ 2023ರ ಮಾರ್ಚ್‌ವರೆಗೆ ಉಳಿದದ್ದು 54 ಎಂದು ಮಹಾಲೇಖಪಾಲರ ವರದಿ ಹೇಳಿದೆ. ದಿನಕ್ಕೆ ಒಂದೇ ವಿಮಾನ ಬರುವ ನಿಲ್ದಾಣಕ್ಕೂ ಅಗ್ನಿಶಾಮಕ ವಾಹನ, ಹವಾಮಾನ ವರದಿ, ಭದ್ರತಾ ಸಿಬ್ಬಂದಿ, ರನ್‌ವೇ ತಪಾಸಣೆ ಬೇಕೇ ಬೇಕು. ಆ ಒಂದು ವಿಮಾನವೂ ನಿಂತುಹೋದಾಗ ಕಟ್ಟಡ, ರನ್‌ವೇಗಳ ನಿರ್ವಹಣೆಯ ಖರ್ಚು ಮಾತ್ರ ನಿಲ್ಲುವುದಿಲ್ಲ.