ಸಮ್ಮರ್ ಸ್ಟ್ರೀಟಿನ ಮಹಡಿ ಕೋಣೆ

ನಮ್ಮ ವೂಸ್ಟರ್ ನಗರದ ಅಧಿಕೃತ ಮುದ್ರೆಯ ನಡುವೆ ಒಂದು ಹೃದಯದ ಚಿತ್ರವಿದೆ. ಮ್ಯಾಸಚೂಸೆಟ್ಸ್ ರಾಜ್ಯದ ನಟ್ಟನಡುವಿನ ಊರು ಎಂಬುದು ಅದರ ಅರ್ಥ. ನಮ್ಮ ಕನ್ನಡ ಕೂಟದ ಮಕ್ಕಳಿಗಾದರೋ ಹೃದಯವೆಂದರೆ ಫೆಬ್ರವರಿ. ಶಾಲೆಯಿಂದ ತರಗತಿಯ ಹೆಸರುಗಳ ಪಟ್ಟಿ ಮನೆಗೆ ಬರುತ್ತದೆ. ಒಬ್ಬರನ್ನೂ ಬಿಡದೆ ಎಲ್ಲರಿಗೂ ಒಂದೊಂದು ವ್ಯಾಲೆಂಟೈನ್ ಕಾರ್ಡು ಒಯ್ಯಬೇಕು. ಹೋದ ವರ್ಷ ಅಂಗಡಿಯ ಪೊಟ್ಟಣ ಬೇಡವೆಂದು ಮಗಳ ಜೊತೆ ಕತ್ತರಿ, ಗೋಂದು ಹಿಡಿದು ಕೂತೆ. ಮೂರು ಸಂಜೆ ಹಿಡಿಯಿತು. ಈ ಕೆಲಸವನ್ನು ಅಮೆರಿಕದಲ್ಲಿ ದೊಡ್ಡ ಉದ್ಯಮವಾಗಿ ಬೆಳೆಸಿದವಳು ಇದೇ ಊರಿನ ಹೆಣ್ಣುಮಗಳು ಎಂದು ತಿಳಿದದ್ದು ಆಮೇಲೆ.

ಎಸ್ತರ್ ಹೌಲಂಡ್ ಹುಟ್ಟಿದ್ದು 1828ರಲ್ಲಿ, ಬ್ಲ್ಯಾಕ್‌ಸ್ಟೋನ್ ಕಾಲುವೆ ಈ ಊರನ್ನು ಪ್ರಾವಿಡೆನ್ಸ್ ಬಂದರಿಗೆ ಸೇರಿಸಿದ ವರ್ಷ. ತಂದೆಗೆ ಪುಸ್ತಕ, ಕಾಗದದ ಅಂಗಡಿ. 1847ರಲ್ಲಿ ಮೌಂಟ್ ಹೋಲಿಯೋಕ್‌ನಲ್ಲಿ ಓದು ಮುಗಿಸಿ ಬಂದವಳ ಕೈಗೆ ಇಂಗ್ಲೆಂಡಿನಿಂದ ಬಂದ ಒಂದು ಅಲಂಕೃತ ವ್ಯಾಲೆಂಟೈನ್ ಸಿಕ್ಕಿತು. ಇದಕ್ಕಿಂತ ಚೆನ್ನಾಗಿ ನಾನೇ ಮಾಡಬಲ್ಲೆ ಎನ್ನಿಸಿತು. ತಂದೆಯ ಮೂಲಕ ಕಾಗದ ತರಿಸಿ ಹನ್ನೆರಡು ಮಾದರಿ ಮಾಡಿದಳು. ವ್ಯಾಪಾರಕ್ಕೆ ಊರೂರು ಸುತ್ತುತ್ತಿದ್ದ ಸೋದರ ಅವನ್ನು ಜೊತೆಗೆ ಒಯ್ದ. 200 ಡಾಲರಿನಷ್ಟು ಬೇಡಿಕೆ ಬಂದರೆ ಸಾಕು ಎಂದುಕೊಂಡಿದ್ದಳಂತೆ. ಸೋದರ ತಂದದ್ದು 5,000 ಡಾಲರಿಗೂ ಮಿಕ್ಕ ಬೇಡಿಕೆ ಎಂಬ ಕಥೆಯನ್ನು ಊರಿನವರು ಇಂದಿಗೂ ಹೇಳುತ್ತಾರೆ.

ಕಾಲವೂ ಕೂಡಿಬಂದಿತ್ತು. 1835ರಲ್ಲೇ ಬಾಸ್ಟನ್ನಿನಿಂದ ರೈಲು ಬಂದಿತ್ತು. 1845ರಲ್ಲಿ 300 ಮೈಲಿಯೊಳಗಿನ ಪತ್ರದ ಅಂಚೆ ದರ 5 ಸೆಂಟಿಗೆ ಇಳಿಯಿತು, 1851ರಲ್ಲಿ ಮುಂಗಡ ಕೊಟ್ಟರೆ 3 ಸೆಂಟು. ಲಕೋಟೆ ಮಡಿಸುವ ಯಂತ್ರವನ್ನು 1853ರಲ್ಲಿ ಗೆಲ್ಲಿಸಿ ತೋರಿಸಿದ ರಸೆಲ್ ಹಾಸ್ ಕೂಡ ವೂಸ್ಟರಿನವನೇ.

ಬೇಡಿಕೆ ಬಂದ ಅಷ್ಟೂ ಕಾರ್ಡುಗಳನ್ನು ಒಬ್ಬಳೇ ಮಾಡುವುದು ಹೇಗೆ? ಸಮ್ಮರ್ ಸ್ಟ್ರೀಟಿನ ಮನೆಯ ಮೇಲಿನ ಮಹಡಿಯಲ್ಲಿ ಗೆಳತಿಯರನ್ನು ಕೂಡಿಸಿದಳು. ಉದ್ದ ಮೇಜು; ಮೊದಲು ಎಸ್ತರಳ ಕೈಯ ಮಾದರಿ. ಒಬ್ಬಾಕೆ ಬಣ್ಣದ ಚಿತ್ರಗಳನ್ನು ಕತ್ತರಿಸಿ ಬೇರ್ಪಡಿಸಿದರೆ, ಇನ್ನೊಬ್ಬಾಕೆ ಹಿನ್ನೆಲೆಯ ಕಾಗದ ಅಂಟಿಸುತ್ತಾಳೆ, ಮತ್ತೊಬ್ಬಾಕೆ ಅದರ ಮೇಲೆ ಕಾಗದದ ಕಸೂತಿ ಕೂರಿಸುತ್ತಾಳೆ. ಕಾರ್ಡು ಕೈಯಿಂದ ಕೈಗೆ ದಾಟಿ ಮೇಜಿನ ಕೊನೆ ಮುಟ್ಟುವ ಹೊತ್ತಿಗೆ ಪೂರ್ತಿಯಾಗಿರುತ್ತದೆ. ಮನೆ ಬಿಟ್ಟು ಬರಲಾಗದ ಹೆಂಗಸರಿಗೆ ಸಾಮಗ್ರಿ ತುಂಬಿದ ಪೆಟ್ಟಿಗೆಗಳು ಹೋಗುತ್ತಿದ್ದವು. ಆಮೇಲೆ ಮಾಡಿದ ಕಾರ್ಡುಗಳು ವಾಪಸು ಬರುತ್ತಿದ್ದವು. ಮೈಸೂರಿನ ಓಣಿಗಳಲ್ಲಿ ಮಸಾಲೆ, ಕಡ್ಡಿ ಮನೆಗೆ ತಂದು ಊದುಬತ್ತಿ ಹೊಸೆದು, ಎಣಿಸಿ ಒಪ್ಪಿಸುವ ತಾಯಂದಿರನ್ನು ಕಂಡವರಿಗೆ ಆ ಪೆಟ್ಟಿಗೆಯ ತೂಕ ಗೊತ್ತು.

ಕಾಗದದ ಕಸೂತಿ ಎಂದೆನಲ್ಲ, ಅದರ ಹುಟ್ಟು ಸೊಗಸಾದದ್ದು. ಲೋಹದ ಅಚ್ಚಿನಲ್ಲಿ ಕಾಗದವನ್ನು ಒತ್ತಿದರೆ ಹೂಬಳ್ಳಿ ಉಬ್ಬಿ ನಿಲ್ಲುತ್ತದೆ. ಆ ಉಬ್ಬುಗಳ ತುದಿಯನ್ನು ಹದವಾಗಿ ಉಜ್ಜಿ ತೆಗೆದರೆ ಅಲ್ಲೆಲ್ಲ ತೂತು ಬಿದ್ದು, ಕಾಗದ ಕ್ರೋಶಾ ಹೆಣಿಗೆಯಂತೆ ಕಾಣುತ್ತದೆ. ಎಸ್ತರ್ ಇದನ್ನು ಇಂಗ್ಲೆಂಡಿನಿಂದ ತರಿಸುತ್ತಿದ್ದಳು. ಹೂವು, ಹಕ್ಕಿಗಳ ಅಚ್ಚಾದ ಚಿತ್ರಗಳು ಜರ್ಮನಿಯವು. ಆಕೆಯ ಜಾಣತನ ಜೋಡಣೆಯಲ್ಲಿತ್ತು. ಬಿಳಿ ಕಸೂತಿಯ ಕೆಳಗೆ ಕೆಂಪು, ನೀಲಿ, ಹಸಿರು ಮೆರುಗು ಕಾಗದದ ಚಿಕ್ಕ ಬಿಲ್ಲೆ ಇಟ್ಟು ತೂತುಗಳಿಂದ ಬಣ್ಣ ಇಣುಕುವಂತೆ ಮಾಡಿದಳು. ಮಡಿಕೆ ಮಡಿಕೆಯಾಗಿ ಮಡಿಸಿದ ಕಾಗದದ ಪಟ್ಟಿಯನ್ನು ಸ್ಪ್ರಿಂಗಿನಂತೆ ಕೆಳಗಿಟ್ಟು ಮೇಲಿನ ಪದರವನ್ನು ಎತ್ತಿ ನಿಲ್ಲಿಸಿದಳು. ಬೆಂಡಿನ ಮೇಲೆ ಜರಿ ಕಾಗದ ಹೊದಿಸಿ ಬಾಸಿಂಗ ಕಟ್ಟುವ ನಮ್ಮೂರಿನ ಕೈಗಳಿಗೆ ಈ ಪದರಗಳ ಲೆಕ್ಕ ಹೇಳಿಕೊಡಬೇಕಾಗಿಲ್ಲ.

ಪದ್ಯವನ್ನು ಕಾರ್ಡಿನ ಒಳಗೆ ಅಂಟಿಸುತ್ತಿದ್ದರು. ಒಳಗಿನ ಪದ್ಯ ಮನಸ್ಸಿಗೆ ಬರದವರಿಗಾಗಿ 1879ರಲ್ಲಿ 131 ಪದ್ಯಗಳ ಪುಸ್ತಕವನ್ನೇ ಹೊರತಂದಳು; ಬೇಕಾದದ್ದನ್ನು ಆರಿಸಿ ಹಳೆಯದರ ಮೇಲೆ ಅಂಟಿಸಿಕೊಳ್ಳಬಹುದಿತ್ತು. 5 ಸೆಂಟಿನ ಕಾರ್ಡೂ ಇತ್ತು, ರೇಷ್ಮೆ ಹಚ್ಚಿ ಹಲವು ಡಾಲರಿಗೆ ಮಾರುವಂಥದ್ದೂ ಇತ್ತು.

1850ರ ಫೆಬ್ರವರಿಯಲ್ಲಿ ಊರಿನ ದಿನಪತ್ರಿಕೆಯಲ್ಲಿ ಎಸ್ತರಳ ಜಾಹೀರಾತು ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಇದೇ ಊರಿನಲ್ಲಿ ಮಹಿಳಾ ಹಕ್ಕುಗಳ ಮೊದಲ ರಾಷ್ಟ್ರೀಯ ಸಮಾವೇಶ ನಡೆಯಿತು. ಎರಡನ್ನೂ ನಾನು ಒಟ್ಟಿಗೇ ನೆನೆಯುತ್ತೇನೆ. ಸಭೆಯಲ್ಲಿ ಆಡಿದ ಮಾತುಗಳು ಅಚ್ಚಾಗಿ ಉಳಿದವು. ಮೇಜಿನ ಸುತ್ತ ಕೂತು ದುಡಿದು, ಸ್ವಂತ ಕೂಲಿ ಎಣಿಸಿಕೊಂಡ ಹೆಂಗಸರ ಹೆಸರುಗಳು ಕಾರ್ಡುಗಳ ಮೇಲೆ ಎಲ್ಲಿಯೂ ಇಲ್ಲ. ಹಿಂಬದಿಯಲ್ಲಿ ಕೆಂಪು ಬಣ್ಣದ ಒಂದು ‘ಎಚ್’ ಅಕ್ಷರವಿರುತ್ತದೆ, ಅಷ್ಟೇ. ಅದು ಹೌಲಂಡ್ ಮನೆತನದ್ದು. ಎಸ್ತರಳ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ಈ ಕೊರತೆ ಮನಸ್ಸನ್ನು ಚುಚ್ಚುತ್ತದೆ.

1881ರಲ್ಲಿ, ಕಾಯಿಲೆ ಬಿದ್ದ ತಂದೆಯ ಆರೈಕೆಗಾಗಿ, ಎಸ್ತರ್ ತನ್ನ ನ್ಯೂ ಇಂಗ್ಲೆಂಡ್ ವ್ಯಾಲೆಂಟೈನ್ ಕಂಪನಿಯನ್ನು ಜಾರ್ಜ್ ವಿಟ್ನಿ ಎಂಬವನಿಗೆ ಮಾರಿದಳು. ಮದುವೆಯಾಗಲಿಲ್ಲ; 1904ರಲ್ಲಿ ತೀರಿಕೊಂಡಳು. ವಿಟ್ನಿ ಯಂತ್ರಗಳನ್ನು ತಂದು ಉದ್ಯಮವನ್ನು ಇನ್ನೂ ಹಿಗ್ಗಿಸಿದ. ಎರಡನೆಯ ಮಹಾಯುದ್ಧದಲ್ಲಿ ಕಾಗದಕ್ಕೇ ಬರ ಬಂದಾಗ, 1942ರಲ್ಲಿ, ಆ ಕಂಪನಿಯೂ ಮುಚ್ಚಿತು. ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿ ಮತ್ತು ಮ್ಯೂಸಿಯಂ ಆಫ್ ವೂಸ್ಟರ್, ಎರಡರಲ್ಲೂ ಹಳೆಯ ಕಾರ್ಡುಗಳಿವೆ.

ಈ ಯುಗಾದಿಗೆ ಕೂಟದ ಹಿರಿಯರಿಗೆಲ್ಲ ಕೈಯಿಂದ ಮಾಡಿದ ಕಾರ್ಡು ಕಳಿಸೋಣ ಎಂದು ಮಕ್ಕಳೊಂದಿಗೆ ನಿಶ್ಚಯಿಸಿದ್ದೇವೆ. ಕೇಕಿನ ಕೆಳಗೆ ಹಾಸುವ ಬಿಳಿ ಜಾಲರಿ ಕಾಗದ ಕಸೂತಿಯ ಕೆಲಸಕ್ಕೆ ಒದಗುತ್ತದೆ. ಅದರ ಕೆಳಗೆ ಮಾವಿನೆಲೆಯ ಆಕಾರದ ಹಸಿರು ಮೆರುಗು ಕಾಗದ, ಪಕ್ಕದಲ್ಲಿ ಬೇವಿನ ಹೂವಿಗೆ ಹಳದಿಯ ಚುಕ್ಕೆ. ಅರ್ಧ ಇಂಚು ಅಗಲದ ಪಟ್ಟಿಯನ್ನು ಆರು ಮಡಿಕೆ ಮಾಡಿ ನಾಲ್ಕು ಮೂಲೆಗೂ ಅಂಟಿಸಿದರೆ ತೋರಣ ಕಾರ್ಡಿನಿಂದ ಎದ್ದು ನಿಲ್ಲುತ್ತದೆ. ಗೋಂದು ತೆಳ್ಳಗಿರಲಿ, ದಪ್ಪವಾದರೆ ಜಾಲರಿ ಮುದುಡುತ್ತದೆ. ಮನೆಯಲ್ಲಿ ಹಳೆಯ ಮದುವೆ ಕಾಗದಗಳಿದ್ದರೆ ತನ್ನಿ, ಅವುಗಳ ಬಂಗಾರದ ಅಂಚು ಉಪಯೋಗಕ್ಕೆ ಬರುತ್ತದೆ.

ಹಿಂಬದಿಯಲ್ಲಿ ಕತ್ತರಿಸಿದವರು, ಮಡಿಸಿದವರು, ಅಂಟಿಸಿದವರು, ಎಲ್ಲರ ಹೆಸರನ್ನೂ ಕನ್ನಡದಲ್ಲಿ ಬರೆಯಬೇಕು. ಜಾಗ ಸಾಲದಿದ್ದರೆ ಕಾರ್ಡನ್ನೇ ದೊಡ್ಡದು ಮಾಡೋಣ.