ಡಬ್ಬಿಯ ಮೇಲಿನ ಚೀಟಿ: ಫೈಲಿನ ಬಾಲದ ಕಥೆ



ನಿಮ್ಮ ಮನೆಯ ಫ್ರಿಜ್ ತೆಗೆದು ನೋಡಿ. ಐಸ್‌ಕ್ರೀಮ್ ಡಬ್ಬಿ ಕಂಡಿತೆಂದು ಖುಷಿಯಿಂದ ಮುಚ್ಚಳ ತೆಗೆದರೆ ಒಳಗೆ ದೋಸೆ ಹಿಟ್ಟು! ಮೊಸರಿನ ಡಬ್ಬಿಯಲ್ಲಿ ನಿನ್ನೆಯ ಹುಳಿ. ಡಬ್ಬಿಯ ಮೇಲೆ ಬರೆದದ್ದೇ ಒಳಗೂ ಇರುತ್ತದೆ ಎಂದು ನಂಬಬಾರದು. ಇದು ನಮ್ಮ ಮನೆಗಳ ಮಕ್ಕಳಿಗೆಲ್ಲ ಗೊತ್ತು. ಆದರೆ ನೀವು ಒಂದು ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದಾಗ ಕಂಪ್ಯೂಟರ್ ಸಾಮಾನ್ಯವಾಗಿ ಡಬ್ಬಿಯ ಮೇಲಿನ ಚೀಟಿಯನ್ನೇ ನಂಬುತ್ತದೆ. ಈ ನಂಬಿಕೆ ಎಲ್ಲಿಂದ ಬಂತು, ಅದರಿಂದ ಏನೇನಾಯಿತು ಎಂಬುದನ್ನು ಈ ತಿಂಗಳು ನೋಡೋಣ.

ಫೈಲಿನ ಹೆಸರಿನ ಕೊನೆಯಲ್ಲಿ ಒಂದು ಚುಕ್ಕಿ, ಅದರ ನಂತರ ಮೂರೋ ನಾಲ್ಕೋ ಅಕ್ಷರಗಳು ಇರುತ್ತವಲ್ಲ? ಬರಹಕ್ಕೆ ಡಾಟ್ ಟಿಎಕ್ಸ್‌ಟಿ, ಫೋಟೋಗೆ ಡಾಟ್ ಜೆಪಿಜಿ, ಹಾಡಿಗೆ ಡಾಟ್ ಎಂಪಿ3. ಇದಕ್ಕೆ ಎಕ್ಸ್‌ಟೆನ್ಷನ್ ಎನ್ನುತ್ತಾರೆ. ನಾವು ಸುಲಭವಾಗಿ ‘ಬಾಲ’ ಎನ್ನೋಣ.

1974ರಲ್ಲಿ ಅಮೆರಿಕದ ಗ್ಯಾರಿ ಕಿಲ್ಡಾಲ್ ಎಂಬವರು ಪುಟ್ಟ ಕಂಪ್ಯೂಟರುಗಳಿಗಾಗಿ ಸಿಪಿ/ಎಂ ಎಂಬ ವ್ಯವಸ್ಥೆಯನ್ನು ಬರೆದರು. ಅದರಲ್ಲಿ ಫೈಲಿನ ಹೆಸರಿಗೆ 8 ಅಕ್ಷರ, ಬಾಲಕ್ಕೆ 3 ಅಕ್ಷರ. 1981ರಲ್ಲಿ ಐಬಿಎಂ ಪಿಸಿಯ ಜೊತೆ ಬಂದ ಡಾಸ್ ಕೂಡ ಇದೇ ಲೆಕ್ಕವನ್ನು ಉಳಿಸಿಕೊಂಡಿತು. ಆಗ ಬಾಲವೆಂದರೆ ಹೆಚ್ಚಾಗಿ ಮನುಷ್ಯರಿಗೆ ಗುರುತು ಅಷ್ಟೇ. ನೀವು ಮೊದಲು ಪ್ರೋಗ್ರಾಮನ್ನು ಶುರುಮಾಡಿ, ಆಮೇಲೆ ಯಾವ ಫೈಲ್ ಬೇಕೆಂದು ಅದಕ್ಕೆ ಹೇಳುತ್ತಿದ್ದಿರಿ. ಯಾವುದರಿಂದ ತೆರೆಯಬೇಕು ಎಂಬ ತೀರ್ಮಾನ ನಿಮ್ಮದೇ ಆಗಿತ್ತು.

1984ರ ಜನವರಿಯಲ್ಲಿ ಬಂದ ಆಪಲ್ ಮ್ಯಾಕಿಂಟೋಷ್ ಬೇರೆ ದಾರಿ ಹಿಡಿಯಿತು. ಅಲ್ಲಿ ಬಾಲವೇ ಬೇಕಿರಲಿಲ್ಲ. ಪ್ರತಿ ಫೈಲಿನ ಜೊತೆಗೆ ನಾಲ್ಕು ನಾಲ್ಕು ಅಕ್ಷರಗಳ ಎರಡು ಗುಟ್ಟಿನ ಗುರುತುಗಳಿರುತ್ತಿದ್ದವು: ಇದು ಯಾವ ಬಗೆಯದು, ಇದನ್ನು ಬರೆದ ಪ್ರೋಗ್ರಾಮ್ ಯಾವುದು. ಕ್ಲಿಕ್ ಮಾಡಿದರೆ ಫೈಲು ತನ್ನನ್ನು ಬರೆದ ಪ್ರೋಗ್ರಾಮಿನಲ್ಲೇ ತೆರೆದುಕೊಳ್ಳುತ್ತಿತ್ತು. ಜಾಣ ಏರ್ಪಾಡು! ಆದರೆ ಫೈಲನ್ನು ಬೇರೆ ಬಗೆಯ ಕಂಪ್ಯೂಟರಿಗೆ ಕಳಿಸಿದರೆ ಆ ಗುರುತುಗಳು ದಾರಿಯಲ್ಲೇ ಕಳೆದುಹೋಗುತ್ತಿದ್ದವು. ಹೆಸರಿಗೆ ಅಂಟಿಕೊಂಡ ಬಾಲ ಮಾತ್ರ ಎಲ್ಲಿಗೆ ಹೋದರೂ ಜೊತೆಗೇ ಬರುತ್ತಿತ್ತು. ಕೊನೆಗೆ ಬಾಲವೇ ಗೆದ್ದಿತು. ಮುಂದೆ ಆಪಲ್ ಕೂಡ ಬಾಲಕ್ಕೆ ಒಪ್ಪಿಕೊಂಡಿತು.

ಮೈಕ್ರೋಸಾಫ್ಟ್ ವಿಂಡೋಸ್ ಒಂದು ಪಟ್ಟಿ ಇಟ್ಟುಕೊಂಡಿತು: ಈ ಬಾಲಕ್ಕೆ ಈ ಪ್ರೋಗ್ರಾಮ್. 1995ರ ಆಗಸ್ಟಿನಲ್ಲಿ ವಿಂಡೋಸ್ 95 ಬಂದಾಗ ಉದ್ದ ಹೆಸರುಗಳನ್ನಿಡುವ ಅನುಕೂಲವಾಯಿತು. ಜೊತೆಗೆ ಇನ್ನೊಂದು ಬದಲಾವಣೆಯೂ ಆಯಿತು. ತನಗೆ ಗೊತ್ತಿರುವ ಬಾಲಗಳನ್ನು ಅದು ನಮಗೆ ತೋರಿಸದೆ ಮುಚ್ಚಿಡತೊಡಗಿತು. ನೋಡಲು ಅಚ್ಚುಕಟ್ಟು ನಿಜ. ಆದರೆ ಕಂಪ್ಯೂಟರ್ ಯಾವ ಚೀಟಿಯನ್ನು ನಂಬುತ್ತಿತ್ತೋ ಅದೇ ಚೀಟಿ ನಮ್ಮ ಕಣ್ಣಿಗೆ ಬೀಳದಂತಾಯಿತು.

ಇದರ ಬೆಲೆ ತಿಳಿದದ್ದು 2000ದ ಮೇ 4ರಂದು. ಫಿಲಿಪೈನ್ಸಿನಿಂದ ಹೊರಟ ಒಂದು ಇಮೇಲ್ ಜಗತ್ತಿನ ಕಚೇರಿಗಳನ್ನೆಲ್ಲ ಸುತ್ತಿತು. ‘ಐ ಲವ್ ಯೂ’ ಎಂಬ ತಲೆಬರಹ, ಜೊತೆಗೊಂದು ಪತ್ರ. ಪತ್ರದ ಹೆಸರಿನ ಕೊನೆಗೆ ಡಾಟ್ ಟಿಎಕ್ಸ್‌ಟಿ ಎಂದು ಕಾಣುತ್ತಿತ್ತು. ಬರೀ ಬರಹ ತಾನೇ ಎಂದು ಜನ ತೆರೆದರು. ಆದರೆ ಅದರ ಹಿಂದೆ ಇನ್ನೊಂದು ಬಾಲವಿತ್ತು: ಡಾಟ್ ವಿಬಿಎಸ್. ವಿಂಡೋಸಿನ ಪಟ್ಟಿಯ ಪ್ರಕಾರ ಆ ಬಾಲಕ್ಕೆ ‘ಓದಿ ತೋರಿಸು’ ಎಂದಲ್ಲ, ‘ಒಳಗೆ ಹೇಳಿದ್ದನ್ನು ಮಾಡು’ ಎಂದು ಅರ್ಥ! ತೆರೆದ ಕೂಡಲೇ ಅದು ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ತನ್ನನ್ನೇ ಕಳಿಸಿಕೊಂಡಿತು. ಕಂಪ್ಯೂಟರಿನಲ್ಲಿದ್ದ ಜೆಪಿಜಿ ಫೋಟೋಗಳನ್ನು ಅಳಿಸಿ ಅವುಗಳ ಜಾಗದಲ್ಲಿ ತನ್ನ ಪ್ರತಿಯನ್ನೇ ಬರೆಯಿತು. ಎಷ್ಟೋ ಮನೆಗಳ ಫೋಟೋಗಳು ಹಾಗೆ ಹೋದವು. ಬ್ರಿಟನ್ನಿನ ಪಾರ್ಲಿಮೆಂಟು ಕೂಡ ಅಂದು ತನ್ನ ಇಮೇಲನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕಾಯಿತು.

ಇದನ್ನು ತಡೆಯಲು ಸರಳವಾದ ಒಂದು ಉಪಾಯವಿತ್ತು. ಪಟ್ಟಿಯ ಆ ಒಂದು ಸಾಲನ್ನು ಬದಲಿಸಿ, ಡಾಟ್ ವಿಬಿಎಸ್ ಫೈಲುಗಳು ನೋಟ್‌ಪ್ಯಾಡಿನಲ್ಲಿ ತೆರೆಯುವಂತೆ ಮಾಡುವುದು. ಆಗ ಕ್ಲಿಕ್ ಮಾಡಿದರೂ ಒಳಗಿನ ಸಾಲುಗಳು ಬರಹವಾಗಿ ಕಾಣುತ್ತವೆ, ಅಷ್ಟೇ. ಒಂದೇ ಫೈಲು, ಒಂದೇ ಕ್ಲಿಕ್. ತೆರೆಯುವವರು ಯಾರು ಎಂಬುದರ ಮೇಲೆ ಅದು ಕಾಗದವೋ ಕಳ್ಳನೋ ಎಂದು ತೀರ್ಮಾನವಾಗುತ್ತದೆ.

ಈ ಪಟ್ಟಿಗಾಗಿ ಪ್ರೋಗ್ರಾಮುಗಳ ನಡುವೆ ಜಗಳವೂ ನಡೆದಿದೆ. ಹೊಸದೊಂದು ಪ್ರೋಗ್ರಾಮ್ ಹಾಕಿಕೊಂಡರೆ ಸಾಕು, ಅದು ನಿಮ್ಮನ್ನು ಕೇಳದೆಯೇ ಹಾಡು, ಫೋಟೋ ಎಲ್ಲವನ್ನೂ ತನ್ನ ಹೆಸರಿಗೆ ಬರೆಸಿಕೊಳ್ಳುತ್ತಿದ್ದ ಕಾಲವಿತ್ತು. 2012ರ ವಿಂಡೋಸ್ 8ರಿಂದ ಈಚೆಗೆ ಇದಕ್ಕೆ ಕಡಿವಾಣ ಬಿತ್ತು. ಆರಿಸಬೇಕಾದವರು ಬಳಸುವವರೇ ಎಂಬ ನಿಯಮ ಬಂತು.

ಇನ್ನು ನಮ್ಮ ಕನ್ನಡದ ಕಥೆ. ಅಪ್ಪ ಅಮ್ಮಂದಿರೇ, ಯೂನಿಕೋಡ್ ಎಲ್ಲೆಡೆ ಬರುವ ಮೊದಲು ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳು ನಿಮ್ಮಲ್ಲಿ ಇರಬಹುದು. ತಾತನ ನೆನಪುಗಳು, ಕನ್ನಡ ಸಂಘದ ಹಳೆಯ ಸಂಚಿಕೆ, ಮದುವೆಯ ಕರೆಯೋಲೆ. ಡಾಟ್ ಡಾಕ್ ಎಂಬ ಬಾಲ ಸರಿಯಾಗಿದ್ದು ವರ್ಡಿನಲ್ಲೇ ತೆರೆದರೂ, ಆ ಹಳೆಯ ಫಾಂಟ್ ಇಲ್ಲದಿದ್ದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಕಾಣುತ್ತದೆ. ಫೈಲ್ ಕೆಟ್ಟಿದೆ ಎಂದು ದಯವಿಟ್ಟು ಅಳಿಸಬೇಡಿ! ಹಿಟ್ಟು ಚೆನ್ನಾಗಿಯೇ ಇದೆ, ಡಬ್ಬಿಯ ಚೀಟಿ ಪೂರ್ತಿ ಹೇಳಿಲ್ಲ ಅಷ್ಟೇ. ಅವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ತಾತನ ಬರಹ ಮೊಮ್ಮಕ್ಕಳಿಗೆ ಓದಲು ಸಿಗಬೇಕಾದರೆ ಈ ಕೆಲಸವನ್ನು ಯಾರಾದರೂ ಮಾಡಲೇಬೇಕು.

ಮಕ್ಕಳೇ, ಈ ತಿಂಗಳ ಮನೆಗೆಲಸ. ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ.

ಒಂದು: ವಿಂಡೋಸ್ 11ರ ಫೈಲ್ ಎಕ್ಸ್‌ಪ್ಲೋರರ್ ತೆರೆದು, ‘ವ್ಯೂ’, ‘ಶೋ’ ಒತ್ತಿ, ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಆರಿಸಿ. ಮುಚ್ಚಿಟ್ಟ ಬಾಲಗಳೆಲ್ಲ ಕಾಣುತ್ತವೆ.

ಎರಡು: ಒಂದು ಫೋಟೋ ಮೇಲೆ ಬಲ ಕ್ಲಿಕ್ ಮಾಡಿ, ‘ಓಪನ್ ವಿತ್’ ಮೂಲಕ ಯಾವುದರಿಂದ ತೆರೆಯಬೇಕೆಂದು ನೀವೇ ಆರಿಸಿ. ಮ್ಯಾಕಿನಲ್ಲಾದರೆ ‘ಗೆಟ್ ಇನ್‌ಫೋ’ ತೆರೆದು, ‘ಓಪನ್ ವಿತ್’ನಲ್ಲಿ ಬೇಕಾದ್ದನ್ನು ಆರಿಸಿ, ‘ಚೇಂಜ್ ಆಲ್’ ಒತ್ತಿ.

ಒಂದು ಎಚ್ಚರಿಕೆ: ತೆರೆಯುವ ಪ್ರೋಗ್ರಾಮನ್ನು ಬದಲಿಸಿ, ಬಾಲವನ್ನೇ ಬದಲಿಸಬೇಡಿ. ಐಸ್‌ಕ್ರೀಮ್ ಎಂದು ಚೀಟಿ ಅಂಟಿಸಿದ ಮಾತ್ರಕ್ಕೆ ದೋಸೆ ಹಿಟ್ಟು ಐಸ್‌ಕ್ರೀಮ್ ಆಗುವುದಿಲ್ಲ!

ಮೂರು: ಮನೆಯಲ್ಲಿ ಹಳೆಯ ಕನ್ನಡ ಫೈಲುಗಳಿವೆಯೇ ಎಂದು ಅಮ್ಮನನ್ನೋ ಅಪ್ಪನನ್ನೋ ಕೇಳಿ. ಸಿಕ್ಕರೆ ಅದರಲ್ಲಿ ಏನಿತ್ತು ಎಂದು ಮುಂದಿನ ತರಗತಿಯಲ್ಲಿ ನಮಗೂ ಓದಿ ಹೇಳಿ. ಕಾಯುತ್ತಿರುತ್ತೇವೆ.